ಒಳ್ಳೆಯ ರೈಡರ್ ಇದ್ದೂ ಕಪ್ ಏಕೆ ಕೈ ತಪ್ಪುತ್ತದೆ?

ಪ್ರಶ್ನೆ: ಪವನ್ ಸೆಹ್ರಾವತ್ ಇದ್ದರೂ ಬೆಂಗಳೂರು ಬುಲ್ಸ್ ಮತ್ತೆ ಪ್ರೊ ಕಬಡ್ಡಿ ಗೆಲ್ಲಲಿಲ್ಲವೇಕೆ? – ಓದುಗರೊಬ್ಬರು, ಹೊಸಪೇಟೆ

ಉತ್ತರ: ಪವನ್ ಆಟ ಇಳಿಯಿತೆಂದು ಹಲವರು ಭಾವಿಸುತ್ತಾರೆ. ಅಂಕಿಗಳು ಬೇರೆಯದನ್ನೇ ಹೇಳುತ್ತವೆ. ಬುಲ್ಸ್ ಕಪ್ ಗೆದ್ದ ಆರನೇ ಆವೃತ್ತಿಯಲ್ಲಿ ಅವರ ರೈಡ್ ಅಂಕ 271. ಮುಂದಿನ ಆವೃತ್ತಿಯಲ್ಲಿ ಅದು 346ಕ್ಕೆ ಏರಿತು, ಹರಿಯಾಣದ ವಿರುದ್ಧ ಒಂದೇ ಪಂದ್ಯದಲ್ಲಿ 39 ಬಂತು. ಆದರೂ ತಂಡ ಸೆಮಿಫೈನಲ್‌ನಲ್ಲಿ ದಬಂಗ್ ಡೆಲ್ಲಿಗೆ 38–44ರಿಂದ ಸೋತಿತು. 38 ಅಂಕ ಗಳಿಸಿದ ತಂಡ ಸೋತದ್ದು 44 ಬಿಟ್ಟುಕೊಟ್ಟದ್ದರಿಂದ. ರೈಡರ್ ಎಷ್ಟೇ ಗಟ್ಟಿಗನಾದರೂ ಅವನ ಪಾಲಿಗೆ ಸಿಗುವುದು 30 ಸೆಕೆಂಡಿನ ಒಂದೊಂದು ದಾಳಿ. ಎದುರಾಳಿ ಒಳಗೆ ಬಂದಾಗ ಕಾಲು ಹಿಡಿಯಬೇಕಾದವರು ಮೂಲೆಯ ಡಿಫೆಂಡರ್‌ಗಳು. ಅದೂ ಅಲ್ಲದೆ ಲೀಗ್ ಹಂತದ ಹತ್ತಾರು ಗೆಲುವುಗಳ ಫಲ ನಾಕೌಟ್‌ನ ನಲವತ್ತೇ ನಿಮಿಷದಲ್ಲಿ ಕರಗಬಹುದು; ಕಂಪ್ಲಿ, ಸಂಡೂರಿನ ಕಬಡ್ಡಿ ಪ್ರಿಯರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಹಾಗಾದರೆ ಪರ್‌ದೀಪ್ ನರ್ವಾಲ್ ಜೊತೆ ಪಟ್ನಾ ಪೈರೇಟ್ಸ್ ಸತತ ಮೂರು ಬಾರಿ ಗೆದ್ದದ್ದು ಹೇಗೆ ಎಂದು ಕೇಳಬಹುದು. ಇದು ಬಲವಾದ ಆಕ್ಷೇಪವೇ. ಆದರೆ ಮೊದಲೆರಡು ಕಪ್‌ಗಳು ಬಂದದ್ದು 2016ರ ಒಂದೇ ವರ್ಷದಲ್ಲಿ, ಮೂರನೆಯದು 2017ರಲ್ಲಿ. ಮರುವರ್ಷ ಪರ್‌ದೀಪ್ 233 ರೈಡ್ ಅಂಕ ಗಳಿಸಿದರೂ ಪಟ್ನಾ ಪ್ಲೇಆಫ್‌ ತಲುಪಲಿಲ್ಲ. ಹರಾಜು ನನಗೆ ಮುಖ್ಯವಾಗಿ ಕಾಣುವ ಕಾರಣ: ಖರ್ಚಿಗೆ ಮಿತಿಯಿದೆ, ಗೆದ್ದ ತಂಡದ ಆಟಗಾರರ ಬೆಲೆ ಏರುತ್ತದೆ, ಹೊಂದಿಕೊಂಡ ಏಳು ಮಂದಿ ಚದುರುತ್ತಾರೆ. ಪವನ್ ಕೂಡ 2022ರಲ್ಲಿ 2.26 ಕೋಟಿ ರೂಪಾಯಿಗೆ ತಮಿಳ್ ತಲೈವಾಸ್ ಸೇರಿದರು. ಮೊದಲ ಪಂದ್ಯದಲ್ಲೇ ಮೊಣಕಾಲಿಗೆ ಪೆಟ್ಟಾಗಿ ಆ ಆವೃತ್ತಿಯಿಂದಲೇ ಹೊರಗುಳಿದರು.