ಅರ್ಜಿಗೆ ಮುನ್ನ ಪ್ರಮಾಣಪತ್ರ

ನಮಗೆ ಪರಿಚಿತನಾದ ಹಳ್ಳಿಯ ತರುಣನೊಬ್ಬನು ರಾಜ್ಯ ಸರ್ಕಾರದ ನೇಮಕಾತಿ ಪರೀಕ್ಷೆಯಲ್ಲಿ ಒಳ್ಳೆಯ ಅಂಕ ಪಡೆದೂ ಹುದ್ದೆಯಿಂದ ವಂಚಿತನಾದನು. ಕಾರಣ ಅಲ್ಪ: ಅವನ ಗ್ರಾಮೀಣ ಮೀಸಲಾತಿ ಪ್ರಮಾಣಪತ್ರದ ದಿನಾಂಕವು ಅರ್ಜಿಯ ಕೊನೆಯ ದಿನವನ್ನು ಮೀರಿತ್ತು.

ಒಂದರಿಂದ ಹತ್ತನೆಯ ತರಗತಿಯವರೆಗೆ ಗ್ರಾಮೀಣ ಶಾಲೆಯಲ್ಲಿ ಓದಿದವರಿಗೆ ಶೇಕಡಾ 25, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇಕಡಾ 5 ಮೀಸಲಾತಿಯುಂಟು. ಇವುಗಳ ಪ್ರಮಾಣಪತ್ರಕ್ಕೆ ಮುಖ್ಯೋಪಾಧ್ಯಾಯರ ಸಹಿ, ಗ್ರಾಮೀಣ ಪ್ರಮಾಣಪತ್ರಕ್ಕೆ ಕ್ಷೇತ್ರ ಶಿಕ್ಷಣಾಧಿಕಾರಿಗಳ ಮೇಲುರುಜೂ ಬೇಕು. ಜಾತಿ, ಆದಾಯದ ಪತ್ರಗಳನ್ನು ತಹಶೀಲ್ದಾರರಿಂದ ಪಡೆಯಬೇಕು. ಎಲ್ಲವೂ ನಿಗದಿತ ನಮೂನೆಯಲ್ಲಿಯೇ ಇರಬೇಕು.

ಆದುದರಿಂದ ತಂದೆತಾಯಿಗಳಲ್ಲಿ ನಮ್ಮ ಅರಿಕೆಯಿಷ್ಟೆ: ಲೋಕಸೇವಾ ಆಯೋಗದ ಅಧಿಸೂಚನೆಗಾಗಿ ಕಾಯದೆ ಈಗಲೇ ಪತ್ರಗಳನ್ನು ಸಿದ್ಧಪಡಿಸಿರಿ. ಹುದ್ದೆ ಕೊಡಿಸುವೆನೆಂಬ ದಲ್ಲಾಳಿಗೆ ಬಿಡಿಗಾಸನ್ನೂ ಕೊಡದಿರಿ. ಮಕ್ಕಳ ವರ್ಷಗಳ ಶ್ರಮವು ಒಂದು ದಿನಾಂಕದಿಂದ ವ್ಯರ್ಥವಾಗದಿರಲಿ.