ಹಳೆಯ ಒಡವೆಯ ಕೆಂಪು ಹರಳು ಮಾಣಿಕ್ಯವೇ?

ಹಳೆಯ ಓಲೆ, ಅಡ್ಡಿಕೆ, ಜಡೆಬಿಲ್ಲೆಗಳಲ್ಲಿ ಕೂತ ಕೆಂಪು ಹರಳೆಲ್ಲ ಮಾಣಿಕ್ಯವಲ್ಲ. ಸ್ಪಿನೆಲ್, ಗಾರ್ನೆಟ್, ಕುಲುಮೆಯಲ್ಲಿ ಬೆಳೆಸಿದ ಮಾಣಿಕ್ಯ, ಬಣ್ಣದ ಗಾಜು ಎಲ್ಲವೂ ಅದೇ ಜಾಗದಲ್ಲಿ ಕಾಣಸಿಗುತ್ತವೆ. ಅರಮನೆಗಳೂ ಇದಕ್ಕೆ ಹೊರತಲ್ಲ. ಬ್ರಿಟನ್ನಿನ ರಾಜಕಿರೀಟದ ಮುಂಭಾಗದಲ್ಲಿರುವ ‘ಬ್ಲ್ಯಾಕ್ ಪ್ರಿನ್ಸ್ ರೂಬಿ’ ಹಾಗೂ ಮೊಗಲ್ ದೊರೆಗಳ ಹೆಸರು ಕೆತ್ತಿರುವ ‘ತೈಮೂರ್ ರೂಬಿ’ ಎರಡೂ ಸ್ಪಿನೆಲ್‌ಗಳೇ. ಸ್ಪಿನೆಲ್ ಬೇರೆಯೇ ಖನಿಜ ಎಂಬುದು ಖಚಿತವಾದದ್ದು 1783ರಲ್ಲಿ.

ಪರೀಕ್ಷೆಯನ್ನು ಒಡವೆಯ ಹಿಂಬದಿಯಿಂದ ಶುರುಮಾಡುವುದು ಒಳ್ಳೆಯದು. ದಕ್ಷಿಣ ಭಾರತದ ಹಳೆಯ ಕೆಂಪಿನ ಒಡವೆಗಳಲ್ಲಿ ಹಿಂಬದಿ ಸಾಮಾನ್ಯವಾಗಿ ಮುಚ್ಚಿರುತ್ತದೆ. ಒಳಗೆ ಅರಗು, ಅದರ ಮೇಲೆ ಹೊಳಪಿನ ತೆಳು ರೇಕು, ರೇಕಿನ ಮೇಲೆ ಹರಳು, ಸುತ್ತ ಒತ್ತಿ ಕೂರಿಸಿದ ಕುಂದಣದ ಚಿನ್ನ. ಇಂಥ ಕಟ್ಟಿನಲ್ಲಿ ಮೇಲಿನಿಂದ ಕಾಣುವ ಬಣ್ಣ ಹರಳಿನದೋ ರೇಕಿನದೋ ಹೇಳಲಾಗದು. ಪೇಲವ ಹರಳೂ ಕೆಂಪು ರೇಕಿನ ಮೇಲೆ ಕೆಂಡದಂತೆ ಹೊಳೆಯುತ್ತದೆ. ಆದ್ದರಿಂದ ಬಣ್ಣ ನೋಡಿ ತೀರ್ಪು ಕೊಡುವುದು ಸಲ್ಲ.

ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಮಸೂರವೊಂದಿದ್ದರೆ ಅರ್ಧ ಕೆಲಸ ಮುಗಿದಂತೆ. ಮೊದಲು ಹರಳಿನ ಅಂಚುಗಳನ್ನು ನೋಡಬೇಕು. ಮಾಣಿಕ್ಯದ ಗಡಸುತನ 9, ಸ್ಪಿನೆಲ್‌ದು 8, ಗಾರ್ನೆಟ್‌ದು ಸುಮಾರು 7, ಗಾಜಿನದು 5ರ ಆಸುಪಾಸು. ದಿನಬಳಕೆಯ ಧೂಳಿನಲ್ಲಿರುವ ಮರಳಿನ ಕಣವೇ ಗಾಜನ್ನು ಗೀರುತ್ತದೆ. ಹಾಗಾಗಿ ವರ್ಷಗಟ್ಟಲೆ ತೊಟ್ಟ ಗಾಜಿನ ಹರಳಿನ ಏಣುಗಳು ಸವೆದು ಮೊಂಡಾಗಿರುತ್ತವೆ. ಮಾಣಿಕ್ಯದವು ಚೂಪಾಗಿಯೇ ಉಳಿದಿರುತ್ತವೆ. ಗಾಜಿನೊಳಗೆ ದುಂಡನೆಯ ಗುಳ್ಳೆಗಳೂ ಸುಳಿಗಳೂ ಕಾಣಬಹುದು. ನೈಸರ್ಗಿಕ ಮಾಣಿಕ್ಯದೊಳಗೆ ಹಲವು ಸಲ ರೇಷ್ಮೆ ಎಳೆಯಷ್ಟು ಸಪೂರ ಸೂಜಿಗಳು 60 ಡಿಗ್ರಿ ಕೋನದಲ್ಲಿ ಒಂದನ್ನೊಂದು ದಾಟುತ್ತಿರುತ್ತವೆ. ಚೂರೂ ಕಲೆಯಿಲ್ಲದ ದೊಡ್ಡ ಮಾಣಿಕ್ಯ ಕಂಡರೆ ಖುಷಿಪಡುವ ಮೊದಲು ಅನುಮಾನ ಪಡಬೇಕು.

ಆ ಅನುಮಾನಕ್ಕೆ ಕಾರಣ ಫ್ರಾನ್ಸಿನ ರಸಾಯನಶಾಸ್ತ್ರಜ್ಞ ಆಗಸ್ಟ್ ವರ್ನೈಲ್. ಅಲ್ಯೂಮಿನಿಯಂ ಆಕ್ಸೈಡ್ ಪುಡಿಗೆ ತುಸು ಕ್ರೋಮಿಯಂ ಬೆರೆಸಿ, ಉರಿಯುವ ಜ್ವಾಲೆಯ ಮೂಲಕ ಉದುರಿಸಿ, ಮಾಣಿಕ್ಯ ಬೆಳೆಸುವ ವಿಧಾನವನ್ನು ಆತ 1902ರಲ್ಲಿ ಪ್ರಕಟಿಸಿದ. ಅದರ ಗಡಸುತನ, ತೂಕ, ಬಣ್ಣ ಎಲ್ಲವೂ ನೈಸರ್ಗಿಕ ಮಾಣಿಕ್ಯದ್ದೇ. ಹೀಗಾಗಿ ನೂರು ವರ್ಷ ಹಳೆಯ ಉಂಗುರದಲ್ಲೂ ಕುಲುಮೆಯ ಮಾಣಿಕ್ಯ ಇರಬಹುದು. ಒಡವೆಯ ವಯಸ್ಸು ಹರಳಿನ ಅಸಲಿತನಕ್ಕೆ ಸಾಕ್ಷಿಯಲ್ಲ. ಸುಳಿವು ಒಳಗಿದೆ: ನೈಸರ್ಗಿಕ ಹರಳಿನ ಬೆಳವಣಿಗೆಯ ಗೆರೆಗಳು ನೇರ ಅಥವಾ ಕೋನಾಕಾರ, ವರ್ನೈಲ್ ಹರಳಿನವು ಬಾಗಿದವು. 1850ರ ಒಡವೆಯಲ್ಲಿ ಬಾಗಿದ ಗೆರೆಯ ಹರಳು ಕಂಡರೆ ನಡುವೆ ಯಾವಾಗಲೋ ಹರಳು ಬದಲಾಗಿದೆ ಎಂದೇ ಅರ್ಥ.

ಬೆಳಕೂ ಒಂದಷ್ಟು ಹೇಳುತ್ತದೆ. ಡೈಕ್ರೋಸ್ಕೋಪ್ ಎಂಬ ಪುಟ್ಟ ಕೊಳವೆಯಲ್ಲಿ ಮಾಣಿಕ್ಯ ಎರಡು ಕೆಂಪುಗಳನ್ನು ತೋರಿಸುತ್ತದೆ: ಒಂದು ನೇರಳೆಗೆ, ಇನ್ನೊಂದು ಕಿತ್ತಳೆಗೆ ತಿರುಗಿದ್ದು. ಸ್ಪಿನೆಲ್, ಗಾರ್ನೆಟ್, ಗಾಜುಗಳದು ಒಂದೇ ಕೆಂಪು. ಅತಿನೇರಳೆ ಟಾರ್ಚ್ ಹಿಡಿದರೆ ಬರ್ಮಾದ ಮೊಗೊಕ್ ಗಣಿಯ ಮಾಣಿಕ್ಯ ಕೆಂಪಾಗಿ ಬೆಳಗುತ್ತದೆ. ಕಬ್ಬಿಣದ ಅಂಶ ಹೆಚ್ಚಿರುವ ಥಾಯ್ಲೆಂಡಿನದು ಮಂಕು. ಗಾರ್ನೆಟ್ ಬೆಳಗುವುದೇ ಇಲ್ಲ. ಆದರೆ ಕುಲುಮೆಯ ಮಾಣಿಕ್ಯವೂ ಜೋರಾಗಿಯೇ ಬೆಳಗುವುದರಿಂದ ಈ ಒಂದು ಪರೀಕ್ಷೆಯನ್ನೇ ನೆಚ್ಚುವಂತಿಲ್ಲ. ಮೈಸೂರು ಸೀಮೆಯಲ್ಲಿ ಸಿಕ್ಕಿರುವ ಮಾಣಿಕ್ಯ ಹೆಚ್ಚಾಗಿ ಅಪಾರದರ್ಶಕ. ಅದನ್ನು ಗುಮ್ಮಟದ ಆಕಾರಕ್ಕೆ ಉಜ್ಜುತ್ತಾರೆ, ಕೆಲವದರಲ್ಲಿ ಆರು ಕಿರಣದ ನಕ್ಷತ್ರ ಮೂಡುತ್ತದೆ.

ಯುರೋಪಿನ ಹಳೆಯ ಒಡವೆಗಳಲ್ಲಿ ಜೋಡು ಹರಳುಗಳೂ ಉಂಟು: ಮೇಲೆ ಗಾರ್ನೆಟ್‌ನ ತೆಳು ಪದರ, ಕೆಳಗೆ ಬಣ್ಣದ ಗಾಜು. ಬದಿಯಿಂದ ನೋಡಿದರೆ ಎರಡರ ಹೊಳಪು ಬೇರೆಯಾಗುವ ಗೆರೆ ಮಸೂರದಲ್ಲಿ ಸಿಗುತ್ತದೆ.

ಗೀರಿ ನೋಡುವುದು, ಬೆಂಕಿಗೆ ಹಿಡಿಯುವುದು, ಸೋಪಿನ ನೀರಲ್ಲಿ ನೆನೆಸುವುದು ಮೂರೂ ಕೂಡದು. ನೀರು ಒಳಸೇರಿದರೆ ರೇಕು ಕಪ್ಪಾಗುತ್ತದೆ, ಬಿಸಿಗೆ ಅರಗು ಕರಗುತ್ತದೆ; ಆ ಹೊಳಪನ್ನು ಮತ್ತೆ ತರುವುದು ಕಷ್ಟ. ಹಳೆಯ ಒಡವೆಯನ್ನು ಕರಗಿಸಲು ಅಥವಾ ಮಾರಲು ಕೊಡುವ ಮುನ್ನ, ಹರಳು ಬಿಚ್ಚದೆಯೇ ರತ್ನ ಪರೀಕ್ಷಾ ಪ್ರಯೋಗಾಲಯಕ್ಕೆ ತೋರಿಸಿ, ವರದಿಯನ್ನು ಬರಹದಲ್ಲಿ ಪಡೆಯಿರಿ.