ನಾಲ್ಕು ಹಲಗೆಗಳ ಗಣಕಯಂತ್ರ

ಮಹಾಗಣಕಯಂತ್ರವೆಂದರೆ ಪರದೇಶದಿಂದ ಸಿದ್ಧವಾಗಿ ಬರತಕ್ಕ ವಸ್ತುವೆಂದು ನಮ್ಮ ವಿದ್ಯಾವಂತರಲ್ಲಿ ಅನೇಕರು ನಂಬಿದ್ದ ಕಾಲವೊಂದಿತ್ತು. 1980ರ ದಶಕದ ಕೊನೆಯಲ್ಲಿ ಹವಾಮಾನದ ಮುನ್ಸೂಚನೆಗಾಗಿ ದೆಹಲಿಗೆ ಬಂದ ಕ್ರೇ ಯಂತ್ರವು ಅನೇಕ ಕಟ್ಟುಪಾಡುಗಳೊಡನೆ ಬಂದಿತು. ಅದಕ್ಕಿಂತ ಬಲವಾದ ಮಾದರಿಯನ್ನು ಕೊಡಲು ಅಮೆರಿಕದ ಸರಕಾರವು ಒಪ್ಪಲಿಲ್ಲ.

ಇದಕ್ಕೂ ಮೊದಲೇ, 1986ರಲ್ಲಿ, ಬೆಂಗಳೂರಿನ ರಾಷ್ಟ್ರೀಯ ವೈಮಾನಿಕ ಪ್ರಯೋಗಶಾಲೆಯಲ್ಲಿ ಡಾ|| ಯು. ಎನ್. ಸಿನ್ಹಾ ಅವರೂ ಅವರ ಸಹೋದ್ಯೋಗಿಗಳೂ ಬೇರೊಂದು ದಾರಿಯನ್ನು ಹಿಡಿದಿದ್ದರು. ವಿಮಾನದ ಸುತ್ತ ಗಾಳಿಯು ಹೇಗೆ ಹರಿಯುವುದೆಂಬ ಬಗೆಯ ಪ್ರಶ್ನೆಗಳೇ ಅವರ ಮುಂದಿದ್ದುದರಿಂದ, ಸಕಲ ಕಾರ್ಯಗಳಿಗೂ ಸಲ್ಲುವ ಯಂತ್ರವು ಅವರಿಗೆ ಬೇಕಿರಲಿಲ್ಲ. ಪೇಟೆಯಲ್ಲಿ ದೊರೆಯುತ್ತಿದ್ದ ಇಂಟೆಲ್ 8086 ಎಂಬ ಸಾಧಾರಣ ಪ್ರೊಸೆಸರುಗಳು ನಾಲ್ಕು. ದಶಾಂಶದ ಲೆಕ್ಕಕ್ಕೆ ಅವುಗಳ ಜೊತೆಗಾರನಾದ 8087. ಇವುಗಳನ್ನು ಒಂದುಗೂಡಿಸಿ ಕಟ್ಟಿದ ಯಂತ್ರಕ್ಕೆ ಫ್ಲೋಸಾಲ್ವರ್ ಎಂದು ಹೆಸರಿಟ್ಟರು.

ನಾಲ್ವರು ಸಹೋದರರು ಒಂದು ಹೊಲವನ್ನು ಹಂಚಿಕೊಂಡು ಉಳುವಂತೆ, ಗಾಳಿಯ ಕ್ಷೇತ್ರವನ್ನು ಭಾಗಮಾಡಿ ಒಂದೊಂದು ಭಾಗವನ್ನು ಒಂದೊಂದು ಪ್ರೊಸೆಸರಿಗೆ ಒಪ್ಪಿಸುವುದು ಇದರ ಕ್ರಮ. ಆದರೆ ಗಾಳಿಯು ಬದುವನ್ನು ಮನ್ನಿಸುವುದಿಲ್ಲ. ಎಲ್ಲೆಯ ಬಳಿಯ ಸಂಖ್ಯೆಗಳನ್ನು ಹೆಜ್ಜೆಹೆಜ್ಜೆಗೂ ನೆರೆಯವನಿಗೆ ತಿಳಿಸಬೇಕು, ಅವನಿಂದ ಕೇಳಿಕೊಳ್ಳಬೇಕು. ಈ ಮಾತುಕತೆಗೆ ಲೆಕ್ಕಕ್ಕಿಂತ ಹೆಚ್ಚು ಹೊತ್ತು ಹಿಡಿದರೆ ನಾಲ್ವರಿಗಿಂತ ಒಬ್ಬನೇ ಮೇಲು! ಯಾರು ಯಾವುದನ್ನು ಲೆಕ್ಕಿಸಬೇಕು, ಯಾರು ಯಾರಿಗಾಗಿ ಎಲ್ಲಿಯವರೆಗೆ ಕಾಯಬೇಕು ಎಂಬ ವಿಧಿಗಳನ್ನು ಬರೆಯುವುದೇ ನಿಜವಾದ ಶ್ರಮ. ಹಲಗೆಗಳನ್ನು ಜೋಡಿಸುವುದು ಅದರ ಮುಂದೆ ಅಲ್ಪವೆಂದೇ ನಮ್ಮ ಅಭಿಪ್ರಾಯ.

ತರುವಾಯದ ಮಾದರಿಗಳಲ್ಲಿ ಹಳೆಯ ಪ್ರೊಸೆಸರುಗಳ ಸ್ಥಾನಕ್ಕೆ 80386, ಆಮೇಲೆ ಐ860 ಬಂದುವು. ಹವಾಮಾನದ ಲೆಕ್ಕವನ್ನೂ ಈ ಯಂತ್ರಗಳು ವಹಿಸಿಕೊಂಡುವು. ಅಲ್ಲಿ ಎಲ್ಲ ಪ್ರೊಸೆಸರುಗಳ ಫಲಗಳನ್ನೂ ಪದೇಪದೇ ಕೂಡಿಸಬೇಕಾಗುವುದರಿಂದ, ಮುಂದೆ ಸಂದೇಶಗಳು ಸಾಗುವ ದಾರಿಯಲ್ಲಿಯೇ ಲೆಕ್ಕವನ್ನೂ ಮಾಡಬಲ್ಲ ಕೂಡುಸಾಧನವೊಂದನ್ನು ಆ ಪ್ರಯೋಗಶಾಲೆಯವರು ತಾವೇ ರಚಿಸಿದರು. ಸಮಸ್ಯೆಯ ಅಳತೆಗೆ ಯಂತ್ರವನ್ನು ಹೊಲಿಯುವುದೆಂದರೆ ಇದು.

ಪ್ರೊಸೆಸರುಗಳು ಪರದೇಶದವೇ ಅಲ್ಲವೇ ಎಂದು ಕೆಲವರು ಆಕ್ಷೇಪಿಸಬಹುದು. ಅಹುದು, ಅದನ್ನು ಮರೆಮಾಚುವುದು ದೇಶಾಭಿಮಾನವಲ್ಲ. 1988ರಲ್ಲಿ ಸ್ಥಾಪಿತವಾದ ಪುಣೆಯ ಸಿ-ಡಾಕ್ ಸಂಸ್ಥೆಯು 1991ರಲ್ಲಿ ಹೊರತಂದ ಪರಮ್ 8000 ಯಂತ್ರದಲ್ಲಿಯೂ ಇದ್ದವು ಇಂಗ್ಲೆಂಡಿನ ಇನ್‌ಮಾಸ್ ಕಂಪನಿಯ ಟ್ರಾನ್ಸ್‌ಪ್ಯೂಟರುಗಳೇ. ಆದರೆ ಬಿಡಿ ಭಾಗವನ್ನು ಕೊಂಡವನಿಗೂ ಮುಚ್ಚಿದ ಪೆಟ್ಟಿಗೆಯನ್ನು ಕೊಂಡವನಿಗೂ ಇರುವ ಅಂತರವು, ಯಂತ್ರವು ಮೊದಲ ಬಾರಿ ಕೆಟ್ಟು ನಿಂತ ದಿನ ಗೊತ್ತಾಗುತ್ತದೆ.